ಕಣ್ಣೊಳಗಿನ ಕಾಲುವೆಗಳ ಅಳತೆ

ಮನುಷ್ಯಶರೀರದೊಳಗೆ ಹರಿಯುವ ರಕ್ತವನ್ನು, ಚರ್ಮವನ್ನು ಕೊಯ್ಯದೆ, ಅದು ಹರಿಯುವ ನಾಳಗಳಲ್ಲಿಯೇ ಸ್ಪಷ್ಟವಾಗಿ ಕಾಣಬಹುದಾದ ತಾಣವೊಂದಿದೆ. ಅದು ಕಣ್ಣಿನ ಹಿಂಗೋಡೆಯನ್ನು ಆವರಿಸಿರುವ ಅಕ್ಷಿಪಟಲ. ಪಾಪೆಯೆಂಬ ಕಿರುಗಿಂಡಿಯ ಮೂಲಕ ಬೆಳಕನ್ನು ಒಳಗೆ ಬಿಟ್ಟು ನೋಡಿದರೆ, ಕಿತ್ತಳೆಗೆಂಪು ಹಿನ್ನೆಲೆಯ ಮೇಲೆ, ನೇತ್ರನರದ ಹಳದಿ ಬಿಲ್ಲೆಯಿಂದ ಹೊರಟು ಕವಲೊಡೆಯುತ್ತ ಸಾಗುವ ಅಪಧಮನಿಗಳೂ, ಅವುಗಳ ಪಕ್ಕದಲ್ಲಿಯೇ ಮರಳಿ ಬರುವ, ತುಸು ದಪ್ಪನೆಯ, ತುಸು ಕಪ್ಪನೆಯ ಅಭಿಧಮನಿಗಳೂ ಗೋಚರಿಸುತ್ತವೆ. ಕೆರೆಯ ತೂಬಿನಿಂದ ಹೊರಟ ಕಾಲುವೆಗಳು ಗದ್ದೆಗದ್ದೆಗೂ ಕವಲೊಡೆದು ಹೋಗುವುದನ್ನು ದಿಣ್ಣೆಯ ಮೇಲೆ ನಿಂತು ನೋಡಿದವರಿಗೆ ಈ ನೋಟ ತೀರ ಅಪರಿಚಿತವೆನಿಸದು. ಕಾಲುವೆ ಕಿರಿದಾದರೆ ಕೊನೆಯ ಗದ್ದೆಗೆ ನೀರು ಮುಟ್ಟುವುದಿಲ್ಲವೆಂಬುದು ರೈತನಿಗೆ ಗೊತ್ತು. ಆದರೆ ಎಷ್ಟು ಕಿರಿದಾಗಿದೆ ಎಂದು ಹೇಳುವುದು ಹೇಗೆ? ಕಣ್ಣೊಳಗಿನ ಕಾಲುವೆಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ಒಬ್ಬ ನಿವೃತ್ತ ಶಿಕ್ಷಕರು ಕೇಳಿದ ಪ್ರಸಂಗವು ಇಲ್ಲಿ ನಿರೂಪಿಸಲು ಯೋಗ್ಯವಾಗಿದೆ.

ಬಯಲುಸೀಮೆಯ ಒಂದು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಗಳಿಗೂ ಮಿಗಿಲಾಗಿ ಗಣಿತವನ್ನೂ ಭೌತವಿಜ್ಞಾನವನ್ನೂ ಬೋಧಿಸಿ ನಿವೃತ್ತರಾದವರು ಆ ಮೇಷ್ಟರು. ನಲವತ್ತು ಮಕ್ಕಳ ತರಗತಿಗೆ ಅವರ ಪ್ರಯೋಗಶಾಲೆಯಲ್ಲಿದ್ದುದು ಎರಡೇ ಸ್ಕ್ರೂಗೇಜುಗಳು. ಎರಡೂ ಊರಿನ ದಾನಿಗಳೊಬ್ಬರು ಕೊಡಿಸಿದವು. ತಂತಿಯ ವ್ಯಾಸವನ್ನು ಅಳೆದು ಬಂದ ಹುಡುಗನಿಗೆ ಅವರು ತಪ್ಪದೆ ಮೂರು ಪ್ರಶ್ನೆಗಳನ್ನು ಹಾಕುತ್ತಿದ್ದರು: ಎಲ್ಲಿಂದ ಎಲ್ಲಿಯವರೆಗೆ ಅಳೆದೆ? ಯಾವ ಮಾನದಲ್ಲಿ ಅಳೆದೆ? ಎಷ್ಟು ಸಲ ಅಳೆದೆ? ಉತ್ತರ ಸರಿಯಿದ್ದರೂ ಮಾನವನ್ನು ಬರೆಯದಿದ್ದರೆ ಅಂಕವಿಲ್ಲ. ಒಂದೇ ಸಲ ಅಳೆದಿದ್ದರೆ ಮರಳಿ ಮೇಜಿಗೆ ಹೋಗಬೇಕು. ಇದರಿಂದಾಗಿ ‘ಎಲ್ಲಿಂದೆಲ್ಲಿಗೆ ಮೇಷ್ಟರು’ ಎಂಬ ಅಡ್ಡಹೆಸರೂ ಅವರಿಗೆ ಪ್ರಾಪ್ತವಾಗಿತ್ತು. ಎರಡು ಸ್ಕ್ರೂಗೇಜುಗಳಲ್ಲಿ ಒಂದಕ್ಕೆ ಶೂನ್ಯದೋಷವಿತ್ತು. ಅದನ್ನು ಬದಲಿಸಬಾರದೇ ಎಂದು ಯಾರಾದರೂ ಕೇಳಿದರೆ, ದೋಷವಿರುವ ಉಪಕರಣ ಕೆಟ್ಟದ್ದಲ್ಲ, ದೋಷವೆಷ್ಟೆಂದು ತಿಳಿಯದ ಉಪಕರಣ ಕೆಟ್ಟದ್ದು ಎಂದು ಅವರು ಉತ್ತರಿಸುತ್ತಿದ್ದರು.

ಇಂಥ ಮೇಷ್ಟರು ತಮ್ಮ ಶರೀರದ ವಿಷಯದಲ್ಲಿ ಮಾತ್ರ ಅಳತೆಯನ್ನು ಮರೆತಿದ್ದರೆಂಬುದು ವಿಚಿತ್ರವಾದರೂ ನಿಜ. ರಕ್ತದೊತ್ತಡ ಹೆಚ್ಚಾಗಿದೆಯೆಂದು ವೈದ್ಯರು ಕೊಟ್ಟ ಮಾತ್ರೆಗಳನ್ನು ಕೆಲವು ತಿಂಗಳು ಸೇವಿಸಿ, ತಲೆನೋವಿಲ್ಲ, ತಲೆಸುತ್ತಿಲ್ಲ, ಹೀಗಿರಲು ಮಾತ್ರೆಯೇಕೆ ಎಂದು ನಿಲ್ಲಿಸಿಬಿಟ್ಟಿದ್ದರು. ರಕ್ತದೊತ್ತಡವು ನೋವಿಲ್ಲದೆಯೇ ಕೆಲಸ ಮಾಡುವ ವ್ಯಾಧಿಯೆಂಬುದನ್ನು ಅವರು ತರಗತಿಯಲ್ಲಿ ಹೇಳಿರಬಹುದು. ಮನೆಯಲ್ಲಿ ಅದನ್ನು ಆಚರಣೆಗೆ ತರಲಿಲ್ಲ. ಓದುವಾಗ ಅಕ್ಷರ ಮಸುಕಾಗತೊಡಗಿದಾಗ ಜಿಲ್ಲಾಕೇಂದ್ರದ ಕಣ್ಣಿನ ಆಸ್ಪತ್ರೆಗೆ ಹೋದರು. ವೈದ್ಯರು ಪಾಪೆಯನ್ನು ಹಿಗ್ಗಿಸುವ ತೊಟ್ಟುಗಳನ್ನು ಹಾಕಿ, ಕಣ್ಣೊಳಗಿನ ಛಾಯಾಚಿತ್ರವನ್ನು ತೆಗೆಸಿ ನೋಡಿದರು. ಪೊರೆ ಈಗ ತಾನೇ ಆರಂಭವಾಗಿದೆ, ಅದಕ್ಕೆ ಆತುರವಿಲ್ಲ. ಆದರೆ ಅಪಧಮನಿಗಳು ಸ್ವಲ್ಪ ಕಿರಿದಾಗಿವೆ, ಒಂದೆಡೆ ಅಪಧಮನಿಯು ಅಭಿಧಮನಿಯನ್ನು ಹಾದುಹೋಗುವಲ್ಲಿ ಅದನ್ನು ಅದುಮಿದಂತೆ ಕಾಣುತ್ತದೆ, ರಕ್ತದೊತ್ತಡಕ್ಕೆ ಚಿಕಿತ್ಸೆ ಪಡೆಯುತ್ತಿದ್ದೀರಾ ಎಂದು ಕೇಳಿದರು. ಮೇಷ್ಟರು ಆ ಪ್ರಶ್ನೆಗೆ ಉತ್ತರಿಸದೆ, ಸ್ವಲ್ಪವೆಂದರೆ ಎಷ್ಟು ಎಂದು ತಾವೇ ಕೇಳಿದರು. ನೋಡಿದರೆ ಹಾಗೆ ತೋರುತ್ತದೆ ಎಂದು ವೈದ್ಯರು ನಕ್ಕು ಹೇಳಿದರು. ಹೊರಗೆ ರೋಗಿಗಳ ಸಾಲು ಉದ್ದವಾಗಿತ್ತು. ಮೇಷ್ಟರು ಛಾಯಾಚಿತ್ರದ ಪ್ರತಿಯೊಂದನ್ನು ಬೇಡಿ ಪಡೆದು ಮನೆಗೆ ಮರಳಿದರು.

ವೈದ್ಯರ ಆ ಉತ್ತರದಲ್ಲಿ ಉದಾಸೀನವಿರಲಿಲ್ಲ. ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿನ ನೇತ್ರವೈದ್ಯರೆಲ್ಲರ ಉತ್ತರವೂ ಅದೇ ಆಗಿತ್ತು. 1851ಕ್ಕೆ ಮೊದಲು ಜೀವಂತ ಕಣ್ಣಿನ ಒಳಭಾಗವು ವೈದ್ಯರಿಗೆ ಕೇವಲ ಕತ್ತಲೆಯಾಗಿತ್ತು. ಆ ವರ್ಷ ಜರ್ಮನ್ ವಿಜ್ಞಾನಿ ಹೆರ್ಮನ್ ಹೆಲ್ಮ್‌ಹೋಲ್ಟ್ಸ್ ತಮ್ಮ ನೇತ್ರದರ್ಶಕವನ್ನು ಪ್ರಕಟಪಡಿಸಿ ಆ ಕತ್ತಲೆಗೆ ಕಿಟಕಿಯನ್ನಿಟ್ಟರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಲಂಡನ್ನಿನ ಮಾರ್ಕಸ್ ಗನ್ ಎಂಬ ವೈದ್ಯರು ರಕ್ತದೊತ್ತಡದಿಂದ ನಾಳಗಳಲ್ಲಾಗುವ ಬದಲಾವಣೆಗಳನ್ನು ವರ್ಣಿಸಿದರು. ಮೇಷ್ಟರ ಕಣ್ಣಿನಲ್ಲಿ ಕಂಡ ಆ ಅದುಮಿದ ಗುರುತಿಗೆ ಇಂದಿಗೂ ಅವರ ಹೆಸರೇ ಇದೆ. 1939ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಕೀತ್, ವ್ಯಾಗನರ್ ಮತ್ತು ಬಾರ್ಕರ್ ಎಂಬ ಮೂವರು ಈ ಬದಲಾವಣೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿ, ದರ್ಜೆ ಏರಿದಂತೆ ರೋಗಿಯ ಆಯುಷ್ಯ ಇಳಿಯುವುದನ್ನು ತೋರಿಸಿದರು. ಇದು ಮಹತ್ತ್ವದ ಕಾರ್ಯವೇ ಸರಿ. ಆದರೆ ಮೂರನೆಯ, ನಾಲ್ಕನೆಯ ದರ್ಜೆಗಳಲ್ಲಿ ರಕ್ತಸ್ರಾವ, ಬಾವುಗಳಂಥ ಎದ್ದುಕಾಣುವ ಚಿಹ್ನೆಗಳಿದ್ದರೆ, ಮೊದಲೆರಡು ದರ್ಜೆಗಳು ‘ಸ್ವಲ್ಪ’, ‘ಇನ್ನೂ ಸ್ವಲ್ಪ’ ಎಂಬ ಮಾತುಗಳ ಮೇಲೆಯೇ ನಿಂತಿದ್ದವು. ಒಬ್ಬ ವೈದ್ಯರಿಗೆ ಕಿರಿದೆಂದು ತೋರಿದ ನಾಳ ಮತ್ತೊಬ್ಬರಿಗೆ ಸಹಜವೆಂದು ತೋರುತ್ತಿತ್ತು. ಚಿಕಿತ್ಸೆಯಿಂದ ಹೆಚ್ಚು ಪ್ರಯೋಜನವಾಗುವುದು ಮೊದಲ ಹಂತಗಳಲ್ಲಿಯೇ. ಹೇಳಲು ಕಷ್ಟವಾದುದೂ ಅಲ್ಲಿಯೇ.

ಈ ‘ಸ್ವಲ್ಪ’ವನ್ನು ಅಲಕ್ಷಿಸುವಂತಿಲ್ಲವೆಂಬುದಕ್ಕೆ ಗಣಿತವೇ ಸಾಕ್ಷಿ. ಕಿರುನಾಳದೊಳಗೆ ಹರಿಯುವ ದ್ರವದ ಪ್ರಮಾಣವು ನಾಳದ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆಂದು ಫ್ರಾನ್ಸಿನ ಪ್ವಾಸೆಯ್ ಎಂಬ ವೈದ್ಯವಿಜ್ಞಾನಿ 1840ರ ದಶಕದಲ್ಲಿ ತೋರಿಸಿಕೊಟ್ಟರು. ನಾಳವು ನೂರಕ್ಕೆ 10ರಷ್ಟು ಕಿರಿದಾದರೆ, ಅದೇ ಒತ್ತಡದಲ್ಲಿ ಹರಿವು ಸುಮಾರು ಮೂರನೆಯ ಒಂದು ಪಾಲು ಕುಗ್ಗುತ್ತದೆ. ಅರ್ಧದಷ್ಟು ಕಿರಿದಾದರೆ ಹರಿವು 16ನೆಯ ಒಂದು ಪಾಲಿಗೆ ಇಳಿಯುತ್ತದೆ. ಹರಿವನ್ನು ಹಿಂದಿನಂತೆಯೇ ಉಳಿಸಬೇಕಾದರೆ ಒತ್ತಡ ಏರಬೇಕು. ಕಣ್ಣಿನ ಬಿಲ್ಲೆಯ ಬಳಿ ಅಪಧಮನಿಯ ವ್ಯಾಸ ಸುಮಾರು 100 ಮೈಕ್ರಾನ್, ಎಂದರೆ ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಶಾಲೆಯ ಸ್ಕ್ರೂಗೇಜಿನ ಅತಿ ಕಿರಿಯ ವಿಭಾಗ 10 ಮೈಕ್ರಾನ್. ಅಂದರೆ ಸ್ಕ್ರೂಗೇಜಿನ ಒಂದೇ ಒಂದು ಗೆರೆಯಷ್ಟು ನಾಳ ಕಿರಿದಾದರೆ ರಕ್ತದ ಮೂರನೆಯ ಒಂದು ಪಾಲು ನಿಂತುಹೋದೀತು. ಮೇಷ್ಟರು ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ, ಬಹಳ ಹೊತ್ತು ಸುಮ್ಮನೆ ಕುಳಿತರೆಂದು ಮನೆಯವರು ಹೇಳುತ್ತಾರೆ.

ಆ ವರ್ಷದ ದೀಪಾವಳಿಗೆ ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಊರಿಗೆ ಬಂದಿದ್ದಳು. ಬೆಂಗಳೂರಿನಲ್ಲಿ ವೈದ್ಯಕೀಯ ಚಿತ್ರಗಳನ್ನು ಗಣಕಯಂತ್ರದಿಂದ ವಿಶ್ಲೇಷಿಸುವ ಕಾರ್ಯದಲ್ಲಿ ನಿರತಳಾದ ಎಂಜಿನಿಯರು ಆಕೆ. ಗುರುಗಳ ದರ್ಶನಕ್ಕೆಂದು ಬಂದವಳ ಮುಂದೆ ಮೇಷ್ಟರು ಛಾಯಾಚಿತ್ರವನ್ನಿಟ್ಟು ಅದೇ ಪ್ರಶ್ನೆಯನ್ನು ಕೇಳಿದರು. ಆಕೆ ತನ್ನ ಲ್ಯಾಪ್‌ಟಾಪನ್ನು ತೆರೆದಳು. ಅಂದು ಸಂಜೆ ಗುರುವು ಶಿಷ್ಯನೂ ಶಿಷ್ಯೆಯು ಗುರುವೂ ಆದರು.

ಗಣಕಯಂತ್ರಕ್ಕೆ ಚಿತ್ರವೆಂದರೆ ಸಂಖ್ಯೆಗಳ ಚೌಕಳಿ. ಪ್ರತಿಯೊಂದು ಮನೆಯಲ್ಲಿಯೂ ಬೆಳಕಿನ ಪ್ರಮಾಣವನ್ನು ಸೂಚಿಸುವ ಒಂದು ಸಂಖ್ಯೆ. ರಕ್ತದ ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುವುದರಿಂದ ಚಿತ್ರದ ಹಸಿರು ಅಂಶವನ್ನಷ್ಟೇ ತೆಗೆದುಕೊಂಡರೆ ನಾಳಗಳು ಕಪ್ಪಾಗಿ ಎದ್ದು ತೋರುತ್ತವೆ. ನಾಳವೊಂದನ್ನು ಅಡ್ಡಲಾಗಿ ದಾಟುತ್ತ ಸಂಖ್ಯೆಗಳನ್ನು ಓದಿಕೊಂಡು ಹೋದರೆ ಅವು ಮೆಲ್ಲನೆ ಇಳಿದು, ತಳ ಮುಟ್ಟಿ, ಮತ್ತೆ ಏರುತ್ತವೆ, ಹಳ್ಳವೊಂದನ್ನು ದಾಟಿದಂತೆ. 1989ರಲ್ಲಿ ಅಮೆರಿಕದ ಸ್ಯಾನ್ ಡಿಯೆಗೊದಲ್ಲಿದ್ದ ಸುಭಾಸಿಸ್ ಚೌಧುರಿ ಮತ್ತು ಅವರ ಸಹೋದ್ಯೋಗಿಗಳು ಈ ಹಳ್ಳದ ಆಕಾರವನ್ನೇ ಅಚ್ಚನ್ನಾಗಿ ಮಾಡಿಕೊಂಡು, ಅದನ್ನು 15 ಡಿಗ್ರಿಗೊಮ್ಮೆ ತಿರುಗಿಸುತ್ತ 12 ದಿಕ್ಕುಗಳಲ್ಲಿ ಚಿತ್ರದ ಮೇಲೆಲ್ಲ ಒತ್ತಿ ನೋಡಿ, ಎಲ್ಲಿ ಅಚ್ಚು ಚೆನ್ನಾಗಿ ಹೊಂದುವುದೋ ಅಲ್ಲಿ ನಾಳವಿದೆಯೆಂದು ಗುರುತಿಸುವ ವಿಧಾನವನ್ನು ಪ್ರಕಟಿಸಿದರು. ಚೌಧುರಿಯವರು ಮುಂದೆ ಮುಂಬಯಿಯ ಐಐಟಿಯ ನಿರ್ದೇಶಕರಾದರು. ಈ ಕ್ಷೇತ್ರದ ಅಡಿಗಲ್ಲುಗಳಲ್ಲಿ ಆ ಲೇಖನವೂ ಒಂದು.

ಅನಂತರದ ದಿನಗಳಲ್ಲಿ ಅಚ್ಚಿನ ಬದಲಿಗೆ ಕಲಿಕೆ ಬಂದಿತು. ಮನುಷ್ಯರು ಕೈಯಿಂದ ನಾಳಗಳನ್ನು ಗುರುತಿಸಿಕೊಟ್ಟ ಚಿತ್ರಗಳನ್ನು ಯಂತ್ರಕ್ಕೆ ತೋರಿಸಿ, ಇಂಥದ್ದು ನಾಳ, ಇಂಥದ್ದಲ್ಲ ಎಂದು ಅದಕ್ಕೆ ಪಾಠ ಹೇಳುವ ಕ್ರಮವಿದು. 2004ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ವಿಶ್ಲೇಷಿಸಿ ಲೋಕಕ್ಕೆ ಒಪ್ಪಿಸಿದ 40 ಚಿತ್ರಗಳ ಸಂಗ್ರಹವು ಜಗತ್ತಿನ ಪ್ರಯೋಗಶಾಲೆಗಳಿಗೆಲ್ಲ ಪಠ್ಯಪುಸ್ತಕವಾಯಿತು: 20 ಚಿತ್ರಗಳು ಕಲಿಯಲು, 20 ಪರೀಕ್ಷೆಗೆ. ಪರೀಕ್ಷೆಯ ಚಿತ್ರಗಳನ್ನು ಇಬ್ಬರು ಪ್ರತ್ಯೇಕವಾಗಿ ಗುರುತಿಸಿದ್ದರು. ಆ ಇಬ್ಬರ ಗೆರೆಗಳೂ ಎಲ್ಲೆಡೆ ಒಂದಾಗಿರಲಿಲ್ಲವೆಂದು ಶಿಷ್ಯೆ ಹೇಳಿದಾಗ ಮೇಷ್ಟರಿಗೆ ಅದು ದೋಷವೆನಿಸಲಿಲ್ಲ. ಎರಡನೆಯವರನ್ನು ಕೇಳಿದ್ದೇ ದೊಡ್ಡ ಗುಣವೆನಿಸಿತು.

ಇನ್ನು ಎಲ್ಲಿಂದ ಎಲ್ಲಿಯವರೆಗೆ? ನಾಳವು ಮುಂದೆ ಹೋದಂತೆ ಕಿರಿದಾಗುತ್ತದೆ, ಕವಲೊಡೆಯುತ್ತದೆ. ಒಬ್ಬರ ಕಣ್ಣಿನ ಕವಲುಗಳು ಇನ್ನೊಬ್ಬರಲ್ಲಿಲ್ಲ. ಹೀಗಿರಲು ಹೋಲಿಕೆ ಎಂತು? 1974ರಲ್ಲಿ ನ್ಯೂಜಿಲೆಂಡಿನ ಪಾರ್ ಮತ್ತು ಸ್ಪಿಯರ್ಸ್ ಎಂಬವರು ಕವಲುಗಳ ಅಗಲದಿಂದ ಅವುಗಳ ಮೂಲನಾಳದ ಅಗಲವನ್ನು ಲೆಕ್ಕ ಹಾಕುವ ಸೂತ್ರವನ್ನು ಕೊಟ್ಟರು. 1999ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಲ್ಯಾರಿ ಹಬರ್ಡ್ ಮತ್ತು ಸಂಗಡಿಗರು, ಹೃದ್ರೋಗದ ದೊಡ್ಡದೊಂದು ಅಧ್ಯಯನಕ್ಕಾಗಿ, ಬಿಲ್ಲೆಯ ಅಂಚಿನಿಂದ ಅದರ ಅರ್ಧ ವ್ಯಾಸದಷ್ಟು ದೂರದಿಂದ ಒಂದು ವ್ಯಾಸದಷ್ಟು ದೂರದವರೆಗಿನ ಉಂಗುರದೊಳಗೆ ಮಾತ್ರ ಅಳೆಯಬೇಕೆಂಬ ಕ್ರಮವನ್ನು ವಿಧಿಸಿದರು. 2003ರಲ್ಲಿ ಅಲ್ಲಿಯ ನಡ್ಸನ್ ಮತ್ತಿತರರು ಲೆಕ್ಕವನ್ನು ಸರಳಗೊಳಿಸಿದರು. ಉಂಗುರದೊಳಗಿನ ಅತಿ ಅಗಲವಾದ ಆರು ಅಪಧಮನಿಗಳನ್ನು ತೆಗೆದುಕೊಂಡು, ಎಲ್ಲಕ್ಕಿಂತ ದೊಡ್ಡದನ್ನು ಎಲ್ಲಕ್ಕಿಂತ ಸಣ್ಣದರೊಡನೆ ಜೋಡಿಸಿ, ಎರಡರ ವರ್ಗಗಳ ಮೊತ್ತದ ವರ್ಗಮೂಲವನ್ನು 0.88ರಿಂದ ಗುಣಿಸಬೇಕು, ಉಳಿದ ಜೋಡಿಗಳಿಗೂ ಹಾಗೆಯೇ ಮಾಡುತ್ತ ಒಂದೇ ಸಂಖ್ಯೆ ಉಳಿಯುವವರೆಗೆ ಸಾಗಬೇಕು. ಅಭಿಧಮನಿಗಳಿಗಾದರೆ ಗುಣಕ 0.95. ಉದಾಹರಣೆಗೆ 90 ಮತ್ತು 60 ಮೈಕ್ರಾನಿನ ಎರಡು ಅಪಧಮನಿಗಳ ತಾಯಿನಾಳವು ಸುಮಾರು 95 ಮೈಕ್ರಾನ್ ಆಗುತ್ತದೆ. ಲಂಬಕೋನ ತ್ರಿಭುಜದ ಕರ್ಣವನ್ನು ಸಾವಿರಾರು ಮಕ್ಕಳಿಗೆ ಕಲಿಸಿದ್ದ ಮೇಷ್ಟರು, ಪೈಥಾಗೊರಸನು ತಮ್ಮ ಕಣ್ಣಿನೊಳಗೆ ಕುಳಿತಿದ್ದಾನೆಂದು ಮಗುವಿನಂತೆ ನಕ್ಕರು.

ಎರಡನೆಯ ಪ್ರಶ್ನೆ ಮಾನದ್ದು. ಛಾಯಾಚಿತ್ರದಲ್ಲಿ ಅಳತೆಪಟ್ಟಿಯಿರುವುದಿಲ್ಲ. ಚಿತ್ರವು ಕ್ಯಾಮೆರಾದ ಮಸೂರಗಳ ಜೊತೆಗೆ ರೋಗಿಯ ಕಣ್ಣಿನ ಮಸೂರವನ್ನೂ ಹಾದು ಬರುತ್ತದೆ. ಸಮೀಪದೃಷ್ಟಿಯುಳ್ಳವರ ಉದ್ದನೆಯ ಕಣ್ಣಿನಲ್ಲಿ ಅಷ್ಟೇ ಅಗಲದ ನಾಳವು ಚಿತ್ರದಲ್ಲಿ ಕಿರಿದಾಗಿ ಕಾಣುತ್ತದೆ. ಇದಕ್ಕೆ ಪರಿಹಾರವಾಗಿ ಅಪಧಮನಿಯ ಅಗಲವನ್ನು ಅಭಿಧಮನಿಯ ಅಗಲದಿಂದ ಭಾಗಿಸಿ ಬರೆಯುವ ರೂಢಿ ಬಂದಿತು. ಭಾಗಿಸಿದಾಗ ಮಾನವು ಅಳಿಸಿಹೋಗುತ್ತದೆ. ಆದರೆ ಮೇಷ್ಟರು ಒಡನೆಯೇ ಆಕ್ಷೇಪವೆತ್ತಿದರು: ಭಿನ್ನರಾಶಿ ಕಡಿಮೆಯಾದರೆ ಅಂಶ ಇಳಿಯಿತೋ ಛೇದ ಏರಿತೋ ತಿಳಿಯುವುದು ಹೇಗೆ? ಸಂಶೋಧಕರಿಗೂ ಅದೇ ಸಂದೇಹ ಬಂದಿತ್ತೆಂದು ಶಿಷ್ಯೆ ವಿವರಿಸಿದಳು. ಕಿರಿದಾದ ಅಪಧಮನಿಗಳಿರುವವರಿಗೆ ಮುಂದೆ ರಕ್ತದೊತ್ತಡ ಬರುವ ಸಂಭವ ಹೆಚ್ಚೆಂದು 2004ರ ಅಧ್ಯಯನವೊಂದು ಕಂಡಿತು. ಅಗಲವಾದ ಅಭಿಧಮನಿಗಳಿರುವವರಲ್ಲಿ ಪಾರ್ಶ್ವವಾಯುವಿನ ಸಂಭವ ಹೆಚ್ಚೆಂದು ನೆದರ್ಲೆಂಡ್ಸಿನ ರಾಟರ್‌ಡ್ಯಾಮ್ ಅಧ್ಯಯನವು 2006ರಲ್ಲಿ ತಿಳಿಸಿತು. ಎರಡೂ ಬೇರೆ ಬೇರೆ ವಾರ್ತೆಗಳು. ಭಾಗಾಕಾರವು ಅವೆರಡನ್ನೂ ಒಂದೇ ಲಕೋಟೆಯಲ್ಲಿಟ್ಟು ಮುಚ್ಚಿಬಿಡುತ್ತದೆ.

ಮೂರನೆಯದು ಎಷ್ಟು ಸಲವೆಂಬ ಪ್ರಶ್ನೆ. ಅದರೊಡನೆ ಶೂನ್ಯದೋಷದ ಪ್ರಶ್ನೆ. ಹೃದಯ ಬಡಿದಂತೆಲ್ಲ ನಾಳವು ಹಿಗ್ಗಿ ಕುಗ್ಗುತ್ತದೆ. ಛಾಯಾಚಿತ್ರವು ಯಾವ ಕ್ಷಣವನ್ನು ಹಿಡಿದಿದೆಯೋ ತಿಳಿಯದು. ನಾಳದ ಗೋಡೆ ಪಾರದರ್ಶಕವಾದುದರಿಂದ ಚಿತ್ರದಲ್ಲಿ ಕಾಣುವುದು ಗೋಡೆಯಲ್ಲ, ಅದರೊಳಗಿನ ರಕ್ತದ ಕಂಬ ಮಾತ್ರ. ಮೇಲೆ ಹೇಳಿದ 40 ಚಿತ್ರಗಳಲ್ಲಿ ಒಂದೊಂದು ಪಿಕ್ಸೆಲ್ ಅಕ್ಷಿಪಟಲದ ಸುಮಾರು 25 ಮೈಕ್ರಾನನ್ನು ಆವರಿಸುತ್ತದೆ. 100 ಮೈಕ್ರಾನಿನ ನಾಳಕ್ಕೆ ನಾಲ್ಕೇ ಪಿಕ್ಸೆಲ್. ಅಂಚು ಇಲ್ಲಿದೆ ಎಂದು ಬೆರಳಿಡುವಂತಿಲ್ಲ. ಹಳ್ಳದ ಇಳಿಜಾರಿನಲ್ಲಿ ಎಲ್ಲಿಯೋ ಒಂದು ಕಡೆ ಅಂಚೆಂದು ಒಪ್ಪಿಕೊಳ್ಳಬೇಕು. ಆದ್ದರಿಂದ ಗಣಕವು ಸಂಖ್ಯೆಗಳಿಗೆ ನಯವಾದ ವಕ್ರರೇಖೆಯನ್ನು ಹೊಂದಿಸಿ, ಪಿಕ್ಸೆಲ್ಲಿನ ಭಾಗದಷ್ಟನ್ನೂ ಅಂದಾಜು ಮಾಡಿ, ಒಂದೇ ನಾಳವನ್ನು ಹತ್ತಾರು ಕಡೆ ಅಡ್ಡಗೊಯ್ದು ಸರಾಸರಿಯನ್ನು ತೆಗೆಯುತ್ತದೆ. ಕೈಯಿಂದ ಇದನ್ನು ಮಾಡಲು ಎಷ್ಟೋ ಹೊತ್ತು ಬೇಕು; ಯಂತ್ರಕ್ಕೆ ಕೆಲವು ಕ್ಷಣ ಸಾಕು, ಅದು ದಣಿಯುವುದೂ ಇಲ್ಲ.

ಶಿಷ್ಯೆಯ ಯಂತ್ರವು ಮೇಷ್ಟರ ಚಿತ್ರಕ್ಕೂ ಎರಡು ಸಂಖ್ಯೆಗಳನ್ನು ಕೊಟ್ಟಿತು. ಅವುಗಳನ್ನು ಬರೆದುಕೊಳ್ಳಲು ಮೇಷ್ಟರು ಲೇಖನಿಯನ್ನು ತೆಗೆದಾಗ ಆಕೆ ಎಚ್ಚರಿಸಿದಳು. ಸಾವಿರಾರು ಜನರನ್ನು ಸಾವಿರಾರು ಜನರೊಡನೆ ಹೋಲಿಸುವಾಗ ಈ ಸಂಖ್ಯೆಗೆ ಅರ್ಥವಿದೆ. ಒಬ್ಬ ಮನುಷ್ಯನ ಒಂದು ಚಿತ್ರದ ಮೇಲೆ ಅವನ ಭವಿಷ್ಯವನ್ನು ನುಡಿಯುವಷ್ಟು ಬಲ ಇದಕ್ಕಿಲ್ಲ. ವೈದ್ಯರು ಈ ಸಂಖ್ಯೆಯೊಂದನ್ನೇ ನೋಡಿ ಮಾತ್ರೆ ಕೊಡುವುದಿಲ್ಲ, ಕೊಡಲೂಬಾರದು. ಮೇಷ್ಟರು ತಲೆದೂಗಿ, ಹಾಗಾದರೆ ದೋಷದ ಕಲಮನ್ನೂ ಹಾಕಿಕೊಡು ಎಂದರು.

ಅಳತೆಯ ಮೇಲೆ ಒಂದು ಜೀವದ ಬೆಳಕೇ ನಿಂತಿರುವ ಪ್ರಸಂಗವೂ ಉಂಟೆಂದು ಆಕೆ ಆಗ ಹೇಳಿದಳು. ಅವಧಿಗೆ ಬಹಳ ಮುನ್ನ ಹುಟ್ಟಿದ ಶಿಶುಗಳಲ್ಲಿ ಅಕ್ಷಿಪಟಲದ ನಾಳಗಳು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಹುಟ್ಟಿದ ಮೇಲೆ ಅವು ದಾರಿ ತಪ್ಪಿ ಬೆಳೆದರೆ ಅಕ್ಷಿಪಟಲವೇ ಕಿತ್ತುಬಂದು ಮಗು ಕುರುಡಾಗಬಹುದು. ನಾಳಗಳು ಉಬ್ಬಿ, ಹಾವಿನಂತೆ ಸುತ್ತಿಕೊಂಡಿವೆಯೇ ಎಂಬುದರ ಮೇಲೆ ಚಿಕಿತ್ಸೆಯ ನಿರ್ಧಾರ ನಿಂತಿದೆ. ನಿರ್ಧಾರಕ್ಕಿರುವ ಅವಕಾಶವು ದಿನಗಳ ಲೆಕ್ಕದ್ದು. ಆದರೆ ಎಷ್ಟು ಉಬ್ಬಿದರೆ, ಎಷ್ಟು ಸುತ್ತಿದರೆ? 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 22 ಮಂದಿ ನುರಿತ ತಜ್ಞರಿಗೆ 34 ಚಿತ್ರಗಳನ್ನು ತೋರಿಸಲಾಯಿತು. ಉಂಟು ಅಥವಾ ಇಲ್ಲ ಎಂಬ ಎರಡೇ ಉತ್ತರಗಳನ್ನು ಗಣಿಸಿದರೂ ಎಲ್ಲರೂ ಒಮ್ಮತಕ್ಕೆ ಬಂದದ್ದು 7 ಚಿತ್ರಗಳಲ್ಲಿ ಮಾತ್ರ. ಅದೇ ಮಗು ಬೇರೊಬ್ಬ ವೈದ್ಯರ ಮುಂದೆ ಮಲಗಿದ್ದರೆ ಅದರ ಹಣೆಬರಹ ಬೇರೆಯಾಗುತ್ತಿತ್ತೆಂದರೆ, ಅದನ್ನು ವಿಧಿಯೆನ್ನುವುದೋ ಅಳತೆಯ ಅಭಾವವೆನ್ನುವುದೋ?

ಸುತ್ತುವಿಕೆಯನ್ನು ಅಳೆಯುವ ಒಂದು ಸರಳ ಉಪಾಯವು ಶಾಲೆಯ ಜ್ಯಾಮಿತಿಯದೇ. ನಾಳದ ಉದ್ದಕ್ಕೂ ನಡೆದ ದಾರಿಯನ್ನು, ಅದರ ಎರಡು ತುದಿಗಳ ನಡುವಣ ನೇರ ದೂರದಿಂದ ಭಾಗಿಸಿದರೆ, ನೇರವಾದ ನಾಳಕ್ಕೆ 1 ಬರುತ್ತದೆ. ಸುತ್ತಿದಷ್ಟೂ ಸಂಖ್ಯೆ ಏರುತ್ತದೆ. ಇಂಥ ಅಳತೆಗಳಿಂದ ಆರಂಭವಾದ ಪ್ರಯತ್ನವು 2018ರ ವೇಳೆಗೆ ಕಲಿಯುವ ಯಂತ್ರಗಳವರೆಗೆ ಬಂದಿತು. ಅಮೆರಿಕದ ಸಂಶೋಧಕರು ಸಿದ್ಧಪಡಿಸಿದ ಅಂಥದೊಂದು ಯಂತ್ರವು 100 ಚಿತ್ರಗಳ ಪರೀಕ್ಷೆಯಲ್ಲಿ 8 ತಜ್ಞರ ಪೈಕಿ 6 ಮಂದಿಯನ್ನು ಮೀರಿಸಿತು. ಆದರೆ ಯಾವುದು ಸರಿಯುತ್ತರವೆಂದು ಅದಕ್ಕೆ ಕಲಿಸಿದವರೂ ತಜ್ಞರೇ ಎಂಬುದನ್ನು ಮರೆಯಲಾಗದು. 2021ರಲ್ಲಿ ಪರಿಷ್ಕೃತವಾದ ಅಂತರರಾಷ್ಟ್ರೀಯ ವರ್ಗೀಕರಣವು ಈ ಉಬ್ಬುವಿಕೆ ಉಂಟು–ಇಲ್ಲ ಎಂಬ ಎರಡು ಕೋಣೆಗಳ ಮಾತಲ್ಲ, ಮೆಲ್ಲನೆ ಏರುವ ಮೆಟ್ಟಿಲಿಲ್ಲದ ದಾರಿಯೆಂದು ಒಪ್ಪಿಕೊಂಡಿತು. ಕರ್ನಾಟಕಕ್ಕೂ ಈ ಕಥೆಯಲ್ಲಿ ಗೌರವದ ಪಾಲಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಎಂಬ ಯೋಜನೆಯಲ್ಲಿ, ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾವನ್ನು ಹೊತ್ತು ಜಿಲ್ಲೆಗಳ ನವಜಾತ ಶಿಶುಗಳ ಘಟಕಗಳಿಗೆ ಹೋಗಿ ಚಿತ್ರ ತೆಗೆಯುತ್ತಾರೆ. ದೂರದಲ್ಲಿರುವ ತಜ್ಞರು ಅವನ್ನು ನೋಡಿ ಅಭಿಪ್ರಾಯ ತಿಳಿಸುತ್ತಾರೆ. ತಜ್ಞರು ವಿರಳವಾಗಿರುವ ನಾಡಿನಲ್ಲಿ, ತೂಗಿ ಹೇಳುವ ಯಂತ್ರವೊಂದು ಅವರ ಬದಿಯಲ್ಲಿರುವುದು ಭೋಗವಲ್ಲ, ಅವಶ್ಯಕತೆ.

ಯಂತ್ರವು ವೈದ್ಯನನ್ನು ತಳ್ಳಿ ಆ ಪೀಠದಲ್ಲಿ ಕೂರುವುದೆಂಬ ಭಯವೂ, ಯಂತ್ರವು ಹೇಳಿದ್ದೆಲ್ಲ ಪ್ರಮಾಣವೆಂಬ ಭಕ್ತಿಯೂ ಈ ಕಾಲದಲ್ಲಿ ಒಟ್ಟೊಟ್ಟಿಗೆ ಬೆಳೆಯುತ್ತಿವೆ. ಎರಡಕ್ಕೂ ಆ ಪ್ರಯೋಗಶಾಲೆಯ ಮೂರು ಪ್ರಶ್ನೆಗಳೇ ಮದ್ದು. ನಾಳದ ಅಂಚು ಎಲ್ಲಿದೆಯೆಂದು ಯಂತ್ರವು ಹೇಳುವಾಗ, ಎಂದೋ ಒಬ್ಬ ಮನುಷ್ಯನು ಕುಳಿತು ಎಳೆದ ಗೆರೆಯನ್ನೇ ಅದು ಅನುಸರಿಸುತ್ತಿರುತ್ತದೆ. ಆ ಗೆರೆಯ ಹೊಣೆ ಮನುಷ್ಯನದೇ. ಅಳತೆಯಿಂದ ದೊರೆಯುವ ದೊಡ್ಡ ಲಾಭವೆಂದರೆ ಭಿನ್ನಾಭಿಪ್ರಾಯವು ಅಡಗಿ ಕೂರದೆ ಬೆಳಕಿಗೆ ಬರುತ್ತದೆ. ಸ್ವಲ್ಪವೆಂಬ ಮಾತಿನೊಡನೆ ವಾದಿಸಲಾಗದು. 95 ಎಂಬ ಸಂಖ್ಯೆಯೊಡನೆ ವಾದಿಸಬಹುದು, ತಿದ್ದಬಹುದು, ಮುಂದಿನ ವರ್ಷ ಮತ್ತೆ ಅಳೆದು ನೋಡಬಹುದು.

ಮೇಷ್ಟರು ಮಾಡಿದ್ದೂ ಅದನ್ನೇ. ದೀಪಾವಳಿಯ ಮರುದಿನವೇ ಅವರು ಊರಿನ ವೈದ್ಯರಲ್ಲಿಗೆ ಹೋಗಿ, ಮಾತ್ರೆಗಳನ್ನು ನಿಲ್ಲಿಸಿದ ಸಂಗತಿಯನ್ನು ಒಪ್ಪಿಕೊಂಡು, ಮತ್ತೆ ಆರಂಭಿಸಿದರು. ವರ್ಷ ಕಳೆದ ಮೇಲೆ ಅದೇ ಆಸ್ಪತ್ರೆಯಲ್ಲಿ, ಅದೇ ಕ್ಯಾಮೆರಾದಲ್ಲಿ, ಅದೇ ಕಣ್ಣಿನ ಚಿತ್ರವನ್ನು ತೆಗೆಸಿ ಶಿಷ್ಯೆಗೆ ಕಳುಹಿಸಿದರು. ಅಪಧಮನಿಯ ಸಂಖ್ಯೆ ತುಸು ಏರಿತ್ತು. ಮನೆಯವರೆಲ್ಲ ಹರ್ಷಿಸಿದರು. ಮೇಷ್ಟರು ಮಾತ್ರ ಹಳೆಯ ಪ್ರಯೋಗಪುಸ್ತಕದ ಖಾಲಿ ಹಾಳೆಯಲ್ಲಿ ಎರಡೂ ಸಂಖ್ಯೆಗಳನ್ನು ದೋಷದ ಕಲಮಿನೊಡನೆ ಬರೆದು, ಕೆಳಗೆ ಹೀಗೆ ಷರಾ ಹಾಕಿದರು: ‘ವ್ಯತ್ಯಾಸವು ದೋಷದ ಮಿತಿಯೊಳಗಿದೆ. ನಿರ್ಣಯವಿಲ್ಲ.’ ಅದರ ಕೆಳಗೆ ವರ್ಷದುದ್ದಕ್ಕೂ ತಿಂಗಳಿಗೊಮ್ಮೆ ಅಳೆಸಿದ ರಕ್ತದೊತ್ತಡದ ಹನ್ನೆರಡು ಸಂಖ್ಯೆಗಳಿದ್ದವು. ಅವು ಇಳಿದಿದ್ದವು, ಅಲ್ಲಿ ಸಂದೇಹಕ್ಕೆ ಎಡೆಯಿರಲಿಲ್ಲ. ಮೂರನೆಯ ಚಿತ್ರಕ್ಕಾಗಿ ಒಂದು ಸಾಲನ್ನು ಗೆರೆ ಎಳೆದು ಖಾಲಿ ಬಿಟ್ಟು, ಅವರು ಪುಸ್ತಕವನ್ನು ಮುಚ್ಚಿಟ್ಟರು.